ಒಂಟಿ ಮೇಕೆ ತರಬೇಡಿ

ಮಾನ್ಯ ಸಂಪಾದಕರೇ,

ಮನೆ ಹಾಲಿಗೆಂದು ಪುಟ್ಟ ಮೇಕೆ ಸಾಕಲು ಹೊರಟವರಿಗೆ ಒಂದು ಮಾತು ಹೇಳಲೇಬೇಕು. ದಯವಿಟ್ಟು ಒಂದೇ ಒಂದು ತರಬೇಡಿ.

ನಾನು ಆ ತಪ್ಪು ಮಾಡಿದ್ದೆ. ಮೇಕೆ ಹಿಂಡಿನ ಪ್ರಾಣಿ ಅಲ್ವಾ? ನಮ್ಮದು ಮೂರು ದಿನ ಬೇಲಿಗೆ ಮುಖ ಒತ್ತಿ ಕೂಗಿತು. ಮೇವು ಬಿಟ್ಟಿತು, ಹಾಲು ಇಳಿಯಿತು. ಜೊತೆಗೆ ಇನ್ನೊಂದು ಬಂದ ಮೇಲೆಯೇ ನೆಮ್ಮದಿಯಾಗಿ ಮೆಲುಕು ಹಾಕಿದ್ದು. ಆ ಕೂಗು ನನಗೆ ಇನ್ನೂ ಮರೆತಿಲ್ಲ.

ಎರಡಿದ್ದರೆ ಹಾಲಿಗೂ ಅನುಕೂಲ. ಮೇಕೆಯ ಗಬ್ಬ ಸುಮಾರು 150 ದಿನ. ಕೊನೆಯ ಎರಡು ತಿಂಗಳು ಕರೆಯದೆ ಕೆಚ್ಚಲಿಗೆ ವಿಶ್ರಾಂತಿ ಕೊಡಬೇಕು. ನೈಜೀರಿಯನ್ ಡ್ವಾರ್ಫ್‌ನಂಥ ಚಿಕ್ಕ ತಳಿಗಳು ವರ್ಷದ ಯಾವ ಕಾಲದಲ್ಲೂ ಗಬ್ಬ ಕಟ್ಟುತ್ತವೆ. ಹಾಗಾಗಿ ಒಂದನ್ನು ಮುಂಚೆ, ಇನ್ನೊಂದನ್ನು ಕೆಲವು ತಿಂಗಳು ತಡವಾಗಿ ಹೋತಕ್ಕೆ ಬಿಟ್ಟರೆ ಮನೆಯಲ್ಲಿ ಹಾಲು ನಿಲ್ಲುವುದಿಲ್ಲ. ಈ ಚಿಕ್ಕ ತಳಿಗಳ ಹಾಲು ಕಡಿಮೆ, ಆದರೆ ಕೊಬ್ಬಿನಂಶ ಜಾಸ್ತಿ. ಹೋತವನ್ನು ಮಾತ್ರ ಕರೆಯುವ ಜಾಗದಿಂದ ದೂರ ಕಟ್ಟಿ. ಅದರ ವಾಸನೆ ಹಾಲಿಗೂ ಹತ್ತುತ್ತದೆ.

ಪ್ರತಿ ಸಲ ಕರೆಯುವಾಗ ಮೊದಲು ಚಿಮ್ಮುವ ಒಂದೆರಡು ಧಾರೆ ಹಾಲನ್ನು ಬೇರೆ ಬಟ್ಟಲಿಗೆ ಹಿಂಡಿ ನೋಡಿ. ಗರಣೆ ಕಂಡರೆ ಅದು ಕೆಚ್ಚಲು ಬಾವಿನ ಗುರುತು. ಆ ಹಾಲು ಬಳಸಬೇಡಿ, ಪಶುವೈದ್ಯರನ್ನು ಕರೆಯಿರಿ. ಹಸಿ ಹಾಲು ಒಳ್ಳೆಯದು ಅನ್ನುವವರ ಮಾತು ಕೇಳಬೇಡಿ. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ರೋಗ ಹಸಿ ಹಾಲಿನಿಂದಲೂ ಮನುಷ್ಯರಿಗೆ ಬರುತ್ತದೆ, ಕಾಯಿಸಿಯೇ ಕುಡಿಯಿರಿ. ವರ್ಷ ತುಂಬದ ಕೂಸಿಗೆ ತಾಯಿ ಹಾಲಿನ ಬದಲು ಇದನ್ನು ಕೊಡಲೇಬೇಡಿ, ಇದರಲ್ಲಿ ಫೋಲೇಟ್ ಎಂಬ ಬಿ ಜೀವಸತ್ವ ತೀರಾ ಕಡಿಮೆ.

ಇಂತಿ,
ಎರಡು ಮೇಕೆಗಳನ್ನು ಸಾಕಿರುವ ಓದುಗ