ನಗಿಸಿದ ಹೆಂಗಸರ ಕ್ಯಾಸೆಟ್ಟು ಕೆಡುವ ಮುಂಚೆ: ಸ್ಕಾಟ್ಲೆಂಡಿನ ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಬ್ರಿಟಿಷ್ ಹಾಸ್ಯದ ಚರಿತ್ರೆ ಹೇಳುವಾಗ ಸ್ಕಾಟ್ಲೆಂಡಿನ ಪಾಲಿಗೆ ಬರುವ ಹೆಸರುಗಳು ಹ್ಯಾರಿ ಲಾಡರ್, ಚಿಕ್ ಮರ್ರೆ, ಬಿಲ್ಲಿ ಕನಾಲಿ. ಮೂವರೂ ದೊಡ್ಡವರೇ, ಅದರಲ್ಲಿ ತಕರಾರಿಲ್ಲ. ಆದರೆ ಇದೇ ನೆಲದ ಹೆಂಗಸರು ನೂರು ವರ್ಷದಿಂದ ಮಾಡಿದ ಕೆಲಸ ಚೆದುರಿಹೋಗಿದೆ. ಅದನ್ನು ಒಂದೆಡೆ ತಂದು, ಡಿಜಿಟಲ್ ಮಾಡಿ, ಸರಿಯಾದ ಹೆಸರಿನಡಿ ಇಡಿ ಎಂದು ಕೇಳುವುದಕ್ಕೆ ಈ ಪತ್ರ.

1926ನ್ನೇ ತೆಗೆದುಕೊಳ್ಳಿ. ಮಾತಿನ ಚಿತ್ರಗಳ ಯುಗ ತೆರೆಯಿತೆಂದು ಹೆಸರಾದ 'ದಿ ಜಾಝ್ ಸಿಂಗರ್' ಬರಲು ಇನ್ನೂ ಒಂದು ವರ್ಷವಿತ್ತು. ಆಗಲೇ ಹ್ಯೂಸ್ಟನ್ ಸಿಸ್ಟರ್ಸ್ ಎಂಬ ಅಕ್ಕತಂಗಿಯರು ಲೀ ಡಿ ಫಾರೆಸ್ಟ್ ಕಂಪನಿಯ ಫೋನೋಫಿಲ್ಮ್ ಕ್ಯಾಮೆರಾ ಮುಂದೆ ನಿಂತು ಒಂದು ಕಿರುಚಿತ್ರ ಮಾಡಿದರು. ಅದು ಮಾತೂ ಕೇಳಿಸುವ ಚಿತ್ರ. ಅಕ್ಕ ರೆನೀ ಜಾನ್‌ಸ್ಟನ್ ಊರಿನಲ್ಲಿ ಹುಟ್ಟಿದವರು. ಹಾಡು, ಕುಣಿತ, ಹಾಸ್ಯ ಬೆರೆತ ವೆರೈಟಿ ರಂಗದಲ್ಲಿ ಅವರು ಹುಡುಗಿ, ತಂಗಿ ಬಿಲ್ಲಿ ಹುಡುಗ. ಕೂದಲು ಗಿಡ್ಡ ಮಾಡಿಕೊಂಡು ಚಡ್ಡಿ ತೊಟ್ಟ ಬಿಲ್ಲಿಗೆ ರೆನೀ ಮಾತಿಗೆ ಮಾತು ಕೊಡುತ್ತಿದ್ದರು. ಚಿತ್ರದ ಸ್ಕ್ರಿಪ್ಟ್ ಬರೆದದ್ದೂ ರೆನೀಯೇ. ಈಗ ಇವರನ್ನು ಕ್ಯಾಟಲಾಗಿನಲ್ಲಿ ಹುಡುಕುವ ಪಾಡು ನೋಡಿ: ಹುಟ್ಟುಹೆಸರು ಗ್ರಿಬಿನ್, ರಂಗದ ಹೆಸರು ಹ್ಯೂಸ್ಟನ್, ಜೋಡಿಗೆ ಮತ್ತೊಂದು ಹೆಸರು, ಮದುವೆಯಾದ ಮೇಲೆ ಇನ್ನೊಂದು. ನಾಲ್ಕನ್ನೂ ಒಂದೇ ದಾಖಲೆಗೆ ಕಟ್ಟದಿದ್ದರೆ 1926ರ ರೆನೀಯೂ 'ಕ್ಯಾರಿ ಆನ್' ಚಿತ್ರಗಳಲ್ಲಿ ಬರುವ ವಯಸ್ಸಾದ ರೆನೀಯೂ ಬೇರೆ ಬೇರೆ ಹೆಂಗಸರೆಂದೇ ಓದುಗ ತಿಳಿದಾನು. ಮೇಯ್ಡಿ ಡಿಕ್ಸನ್ನರದು ಇನ್ನೂ ಬೇಸರದ ಕಥೆ. ಚಿಕ್ ಮರ್ರೆ ಅವರನ್ನು ಮದುವೆಯಾಗುವ ಮೊದಲೇ ಅಕಾರ್ಡಿಯನ್ ಹಿಡಿದು ರಂಗದಲ್ಲಿ ಪಳಗಿದ್ದವರು ಅವರು, ಆದರೂ ಈಗ 'ಚಿಕ್ ಮರ್ರೆಯ ಹೆಂಡತಿ' ಎಂಬ ಅಡಿಟಿಪ್ಪಣಿ. ಹಾಗಾಗಿ ಮೊದಲ ಕೆಲಸ ಟೇಪ್ ಮುಟ್ಟುವುದಲ್ಲ. ಒಬ್ಬೊಬ್ಬರಿಗೂ ಅವರದೇ ಹೆಸರಿನ ದಾಖಲೆ ತೆರೆದು, ಬರೆದವರು ಯಾರು, ಆಡಿದವರು ಯಾರು ಎಂಬುದನ್ನು ಬೇರೆ ಬೇರೆ ಕಾಲಮ್ಮಿನಲ್ಲಿ ತುಂಬಬೇಕು.

ರೇಡಿಯೊ ಕಾಲಕ್ಕೆ ಬಂದರೆ ಗ್ಲಾಸ್ಗೋದ ಮಾಲಿ ವಿಯರ್ ಸಿಗುತ್ತಾರೆ. 'ಇಟ್ಮಾ' ಎಂಬ ರೇಡಿಯೊ ಹಾಸ್ಯ ಕಾರ್ಯಕ್ರಮದಲ್ಲಿ ಟ್ಯಾಟಿ ಮ್ಯಾಕಿಂಟಾಶ್, 'ಲೈಫ್ ವಿತ್ ದಿ ಲಯನ್ಸ್'ನಲ್ಲಿ ಮನೆಗೆಲಸದ ಆ್ಯಗಿ ಮ್ಯಾಕ್‌ಡೊನಾಲ್ಡ್, ಮುಂದೆ ಟಿವಿಯ 'ರೆಂಟಘೋಸ್ಟ್'ನಲ್ಲಿ ಮಾಟಗಾತಿ. ಲಂಡನ್ನಿನವರಿಗೆ ಸ್ಕಾಟಿಷ್ ಹೆಂಗಸಿನ ದನಿ ಎಂದರೆ ಬಹುಕಾಲ ಅಡುಗೆಮನೆಯ ದನಿಯೇ ಆಗಿತ್ತು. ಆ ಗೆರೆ ದಾಟಿದವರಲ್ಲಿ ರದರ್‌ಗ್ಲೆನ್ನಿನ ಜಾನೆಟ್ ಬ್ರೌನ್ ಒಬ್ಬರು. ಮಾರ್ಗರೆಟ್ ಥ್ಯಾಚರ್ ಅನುಕರಣೆಯಲ್ಲಿ ಅವರು ಎಷ್ಟು ಪಳಗಿದ್ದರೆಂದರೆ 1981ರ ಬಾಂಡ್ ಚಿತ್ರದ ಕೊನೆಯಲ್ಲಿ ಪ್ರಧಾನಿಯಾಗಿ ಬಂದು ಗಿಳಿಯೊಂದಿಗೆ ಫೋನಿನಲ್ಲಿ ಮಾತಾಡುವುದು ಅವರೇ. (ಮಾತಾಡುತ್ತಿರುವುದು ಬಾಂಡ್ ಎಂದೇ ಆ ಪ್ರಧಾನಿ ನಂಬಿರುತ್ತಾರೆ.) 'ಒನ್ ಫುಟ್ ಇನ್ ದಿ ಗ್ರೇವ್'ನಲ್ಲಿ ಹತ್ತು ವರ್ಷ ಗಂಡನ ಗೊಣಗಾಟ ಸಹಿಸಿದ ಗೋರ್‌ಬ್ರಿಜ್‌ನ ಆನೆಟ್ ಕ್ರಾಸ್ಬಿ, 'ಗ್ರೀನ್ ವಿಂಗ್'ನ ಮಿಶೆಲ್ ಗೋಮೆಝ್, 'ಎಕ್ಸ್‌ಟ್ರಾಸ್'ನ ಆಶ್ಲಿ ಜೆನ್ಸನ್, ಇವರ ಟಿವಿ ಕೆಲಸಕ್ಕೆ ಅಷ್ಟು ಭಯವಿಲ್ಲ. ಚಾನೆಲ್ಲುಗಳ ಬಳಿ ಪ್ರತಿಗಳಿವೆ. ಅಪಾಯದಲ್ಲಿರುವುದು ಕ್ಲಬ್ಬಿನ ಮೂಲೆಯಲ್ಲಿ, ಪಬ್ಬಿನ ಮೇಲಂತಸ್ತಿನಲ್ಲಿ, ಪ್ಯಾಂಟೊಮೈಮ್ ಎಂಬ ಕ್ರಿಸ್‌ಮಸ್ ಕಾಲದ ಹಾಸ್ಯನಾಟಕದ ವಿಂಗ್‌ನಲ್ಲಿ ಯಾರೋ ಕ್ಯಾಸೆಟ್ಟಿಗೂ ವಿಎಚ್ಎಸ್ ವಿಡಿಯೊ ಟೇಪಿಗೂ ತುಂಬಿಕೊಂಡ ಸರಕು.

ಆ ಕ್ಯಾಸೆಟ್ಟು ಕೈಗೆ ಬಂದಾಗ ಮೊದಲು ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರು ಮುರಿಯಬೇಕು, ಇಲ್ಲವಾದರೆ ಒಂದು ತಪ್ಪು ಗುಂಡಿ ಒತ್ತಿದರೆ ಮೇಲೆಯೇ ರೆಕಾರ್ಡ್ ಆಗಿಬಿಡುತ್ತದೆ. ಬಿಳಿ ಬೂಸ್ಟು ಕಂಡರೆ ಯಂತ್ರಕ್ಕೆ ಹಾಕುವಂತೆಯೇ ಇಲ್ಲ. ಅದು ಟೇಪ್ ಓದುವ ಹೆಡ್ಡಿಗೂ, ಅಲ್ಲಿಂದ ಮುಂದಿನ ಟೇಪಿಗೂ ಹತ್ತುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಫೆಲ್ಟ್ ತುಂಡಿನ ಅಂಟು ಬಿಟ್ಟಿದ್ದರೆ ದನಿ ಮಬ್ಬಾಗುತ್ತದೆ, ಆಗ ಟೇಪನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ವರ್ಗಾಯಿಸಬೇಕು. ಪ್ರತಿ ಟೇಪಿಗೂ ಹೆಡ್ಡಿನ ಓರೆಯನ್ನು ಕಿವಿಯಿಟ್ಟು ಹೊಂದಿಸಬೇಕು, ಟೇಪಿನ ಸುಯ್ಯೆಂಬ ಸದ್ದು ತಗ್ಗಿಸುವ ಡಾಲ್ಬಿ ಹಾಕಿ ತುಂಬಿದ್ದನ್ನು ಡಾಲ್ಬಿ ಹಾಕಿಯೇ ಕೇಳಬೇಕು. 96 ಕಿಲೋಹರ್ಟ್ಸ್, 24 ಬಿಟ್ ವೇವ್ ಕಡತವಾದರೆ ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 2 ಜಿಬಿ ಜಾಗ. ಸಮಯ ಉಳಿಸುವ ದಾರಿಯಿಲ್ಲ: 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು, ತಯಾರಿ ಬೇರೆ. ವಿಎಚ್ಎಸ್ ಇನ್ನೂ ತುರ್ತು. ಅದರ ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿ ಫುನಾಯ್ 2016ರಲ್ಲೇ ಕೈಬಿಟ್ಟಿತು. ಈಗ ಇರುವ ಯಂತ್ರಗಳು ಸವೆದಷ್ಟೂ ಸವೆಯುತ್ತವೆ.

ಹಾಸ್ಯಕ್ಕೇ ವಿಶೇಷವಾದ ಒಂದು ಎಚ್ಚರಿಕೆಯನ್ನು ಟೆಂಡರಿನಲ್ಲೇ ಬರೆಸಿ. ಗದ್ದಲ ತೆಗೆಯುವ ಸಾಫ್ಟ್‌ವೇರಿಗೆ ಚಪ್ಪಾಳೆಯೂ ನಗುವೂ ಗದ್ದಲದಂತೆಯೇ ಕೇಳುತ್ತವೆ. ಅದು ಜನರ ನಗೆಯನ್ನು ಅರ್ಧ ನುಂಗಿಬಿಟ್ಟರೆ, ಚೆನ್ನಾಗಿ ನಡೆದ ಶೋ ಮುಂದಿನವರಿಗೆ ಸೋತ ಶೋ ಆಗಿ ಕೇಳುತ್ತದೆ. ಮಾತಿನ ನಡುವಿನ ಮೌನವನ್ನೂ ಕತ್ತರಿಸಬಾರದು. ಜೋಕಿನ ಅರ್ಧ ಕೆಲಸ ಆಗುವುದು ಅಲ್ಲೇ. ಶುಚಿ ಮಾಡಿದ ಪ್ರತಿ ಬೇಕಿದ್ದರೆ ಬೇರೆ ಇರಲಿ, ಮೂಲ ಕಡತ ಹಾಗೇ ಇರಬೇಕು.

ಇನ್ನು ಭಾಷೆ. ಗ್ಲಾಸ್ಗೋ ಮಾತನ್ನು ಯಂತ್ರಕ್ಕೆ ಕೊಟ್ಟು ಬರಹಕ್ಕಿಳಿಸಿದರೆ ನಗೆಪಾಟಲು. 'ಗ್ರೀಟಿನ್' ಎಂದರೆ ಅಳುವುದು, ಯಂತ್ರಕ್ಕೆ ಅದು ಶುಭಾಶಯ. 'ಮೆಸೇಜಸ್' ಎಂದರೆ ಅಂಗಡಿ ಸಾಮಾನು, 'ಪೀಸ್' ಎಂದರೆ ಸ್ಯಾಂಡ್‌ವಿಚ್, 'ಕ್ಲೋಸ್' ಎಂದರೆ ವಠಾರದ ಸಾಮೂಹಿಕ ಹಾದಿ. 'ರ್‍ಯಾಬ್ ಸಿ. ನೆಸ್ಬಿಟ್'ನಲ್ಲಿ ಮೇರಿ ಡಾಲ್ ಆಗಿದ್ದ ಇಲೇನ್ ಸಿ. ಸ್ಮಿತ್, 'ಚೂಯಿನ್ ದ ಫ್ಯಾಟ್'ನ ಕ್ಯಾರೆನ್ ಡನ್ಬಾರ್, ಇವರ ಹಾಸ್ಯ ನಿಂತಿರುವುದೇ ಇಂಥ ಪದಗಳ ಮೇಲೆ, ಅವನ್ನು ಎಳೆಯುವ ರಾಗದ ಮೇಲೆ. ಆ ಮಾತಿನಲ್ಲೇ ಬೆಳೆದವರು ಸಂಬಳಕ್ಕೆ ಕೂತು ಬರೆದರೆ ಮಾತ್ರ ಇದು ಆಗುವ ಕೆಲಸ.

ಇತ್ತೀಚಿನದು ಸುರಕ್ಷಿತ ಎಂದುಕೊಳ್ಳಬೇಡಿ. 2020ರಲ್ಲಿ ಆಗಿನ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಅವರ ಕೋವಿಡ್ ಪತ್ರಿಕಾಗೋಷ್ಠಿಯ ದೃಶ್ಯಕ್ಕೆ ಗ್ಲಾಸ್ಗೋದ ಹಾಸ್ಯಗಾರ್ತಿ ಜೇನಿ ಗೋಡ್ಲಿ ತಮ್ಮ ದನಿ ಕೂಡಿಸಿದರು. ಗಂಭೀರ ಮುಖದ ಫಸ್ಟ್ ಮಿನಿಸ್ಟರ್ ಪಕ್ಕದ ಮನೆಯ ಹೆಂಗಸಿನ ಹಾಗೆ ಗೊಣಗಿ, ಕೊನೆಗೆ 'ಫ್ರ್ಯಾಂಕ್, ಬಾಗಿಲು ತೆಗಿ' ಎಂದು ಹೊರಟುಬಿಡುತ್ತಿದ್ದರು. ಮರುವರ್ಷ ಹಳೆಯ ಟ್ವೀಟುಗಳ ವಿವಾದವೆದ್ದು ಸರ್ಕಾರ ಗೋಡ್ಲಿಯವರನ್ನು ಆರೋಗ್ಯ ಪ್ರಚಾರದಿಂದ ಕೈಬಿಟ್ಟಿತು, ಅವರು ಕ್ಷಮೆ ಕೇಳಿದರು. ಸಂಗ್ರಹದಲ್ಲಿ ಅದೂ ಇರಲಿ, ತೇಪೆ ಹಾಕಿದ ಚರಿತ್ರೆ ಯಾರಿಗೂ ಬೇಡ. 2024ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಆ ವಿಡಿಯೊಗಳು ಹುಟ್ಟಿದ್ದು ಸಾಮಾಜಿಕ ಜಾಲತಾಣದಲ್ಲಿ, ಖಾತೆ ಅಳಿದರೆ ಅವೂ ಹೋದವು. ಪ್ರಕಟವಾದದ್ದರ ಪ್ರತಿ ದೊಡ್ಡ ಗ್ರಂಥಾಲಯಗಳಿಗೆ ಸೇರಬೇಕೆನ್ನುವ 2013ರ ಡಿಜಿಟಲ್ ಲೀಗಲ್ ಡೆಪಾಸಿಟ್ ನಿಯಮ ವೆಬ್ ಪುಟಗಳನ್ನು ಸಂಗ್ರಹಿಸಲು ಬಿಡುತ್ತದೆ, ಆದರೆ ಮುಖ್ಯವಾಗಿ ದನಿ ಅಥವಾ ಚಲನಚಿತ್ರವೇ ಆಗಿರುವ ಕೃತಿಗಳನ್ನು ಹೊರಗಿಡುತ್ತದೆ. ಹಾಸ್ಯದ ವಿಡಿಯೊ ಬೀಳುವುದು ಸರಿಯಾಗಿ ಆ ಸಂದಿಗೇ. ಒಪ್ಪಿಗೆ ಪಡೆದು ಮೂಲ ಕಡತ ತರಿಸಿಕೊಳ್ಳುವುದೊಂದೇ ದಾರಿ.

ಪ್ರಸಾರ ನಿಮ್ಮ ಕೈಯಲ್ಲಿಲ್ಲ, ಅದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಂಸತ್ತಿನ ವಿಷಯ ಎಂಬುದು ಗೊತ್ತಿದೆ. ಬಿಬಿಸಿಗೆ ಆಜ್ಞೆ ಮಾಡಿ ಎಂದು ಕೇಳುತ್ತಿಲ್ಲ. ಸಂಸ್ಕೃತಿ ನಿಮ್ಮದೇ, ರಾಷ್ಟ್ರೀಯ ಗ್ರಂಥಾಲಯಕ್ಕೆ ಹಣ ಕೊಡುವುದೂ ನೀವೇ. ಗ್ಲಾಸ್ಗೋದ ಕೆಲ್ವಿನ್ ಹಾಲ್‌ನಲ್ಲಿ ಅದರ ಚಲನಚಿತ್ರ ಸಂಗ್ರಹವಿದೆ. ಬ್ರಿಟಿಷ್ ಲೈಬ್ರರಿ ಮುಂದಾಳತ್ವದಲ್ಲಿ 2022ರವರೆಗೆ ನಡೆದ ದನಿಮುದ್ರಿಕೆ ಉಳಿಸುವ ಯೋಜನೆಯ ಹತ್ತು ಕೇಂದ್ರಗಳಲ್ಲಿ ನಮ್ಮ ರಾಷ್ಟ್ರೀಯ ಗ್ರಂಥಾಲಯವೂ ಒಂದು. ಗ್ಲಾಸ್ಗೋ ವಿಶ್ವವಿದ್ಯಾಲಯದ ಸ್ಕಾಟಿಷ್ ಥಿಯೇಟರ್ ಆರ್ಕೈವ್ ರಂಗಭೂಮಿಯ ಕಾಗದಪತ್ರಗಳನ್ನು ಕಾಯುತ್ತಿದೆ. ಕೆಂಟ್ ವಿಶ್ವವಿದ್ಯಾಲಯ 2013ರಲ್ಲಿ ಸ್ಟ್ಯಾಂಡಪ್ ಆರ್ಕೈವ್ ತೆರೆದದ್ದು ಲಿಂಡಾ ಸ್ಮಿತ್ ಎಂಬ ಒಬ್ಬ ಹಾಸ್ಯಗಾರ್ತಿಯ ಪೆಟ್ಟಿಗೆಗಳಿಂದಲೇ. ಹೊಸ ಕಟ್ಟಡ ಬೇಡ. ರಾಷ್ಟ್ರೀಯ ಗ್ರಂಥಾಲಯ, ಗ್ಲಾಸ್ಗೋ ವಿಶ್ವವಿದ್ಯಾಲಯ, ಈ ಎರಡರ ನಡುವೆ ಒಬ್ಬ ಕ್ಯಾಟಲಾಗು ತಜ್ಞರು, ಒಬ್ಬ ದನಿ ಎಂಜಿನಿಯರ್, ಸ್ಕಾಟ್ಸ್ ಬಲ್ಲ ಒಬ್ಬ ಲಿಪಿಕಾರರು, ಮೂರು ವರ್ಷಕ್ಕೆ.

ಟೇಪ್ ಪಡೆಯುವ ದಿನವೇ ಹಕ್ಕಿನ ಕಾಗದಕ್ಕೂ ಸಹಿ ಮಾಡಿಸಿಕೊಳ್ಳಿ. ಬರೆದವರ ಕಾಪಿರೈಟ್ ಸತ್ತ ಮೇಲೂ 70 ವರ್ಷ ಇರುತ್ತದೆ, ಆಡಿದವರ ಹಕ್ಕು ಬೇರೆ. ಆಮೇಲೆ ವಾರಸುದಾರರನ್ನು ಹುಡುಕಲು ಹೊರಟರೆ ಡಿಜಿಟಲ್ ಮಾಡಿದ್ದಕ್ಕಿಂತ ಹೆಚ್ಚು ಖರ್ಚು ಅದಕ್ಕೇ ಬೀಳುತ್ತದೆ. ಮುಂದಿನ ಬಜೆಟ್ಟಿನಲ್ಲಿ ಈ ಮೂರು ಹುದ್ದೆಗಳಿವೆಯೋ ಇಲ್ಲವೋ, ಲಿಖಿತವಾಗಿ ತಿಳಿಸಿ.

ಇಂತಿ,
ಹಾಸ್ಯದ ದಾಖಲೆ ಕಾಯುವ ಕೆಲಸದವರು