ತೊಗರಿಗೆ ಎಣ್ಣೆ ಹೊಡೆಯುವ ಹೊತ್ತು, ಗಿಡುಗಗಳ ಮೇಲೆ ಕಣ್ಣಿರಲಿ

ಎಲ್ಲರಿಗೂ ನಮಸ್ಕಾರ್ರೀ. ಕಲಬುರಗಿ ಸುತ್ತಮುತ್ತ ತೊಗರಿ, ಕಡಲೆ ಹೊಲಗಳಲ್ಲಿ ಕಾಯಿಕೊರಕ ಹುಳುವಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವುದು ನಡೆದಿದೆ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬರುವ ಹ್ಯಾರಿಯರ್ ಗಿಡುಗಗಳು ಇದೇ ಹೊಲಗಳಲ್ಲಿ ಮಿಡತೆ ಹಿಡಿಯುತ್ತವೆ, ಕತ್ತಲಾದರೆ ಹುಲ್ಲಿನ ನೆಲದಲ್ಲೇ ಮಲಗುತ್ತವೆ.

1995-96ರಲ್ಲಿ ಅರ್ಜೆಂಟೀನಾದಲ್ಲಿ ಮಿಡತೆಗೆ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಹೊಡೆದಾಗ, ಉತ್ತರ ಅಮೆರಿಕದಿಂದ ಹೋಗಿದ್ದ ಸ್ವೇನ್ಸನ್ಸ್ ಗಿಡುಗಗಳು ಸುಮಾರು 20 ಸಾವಿರ ಸತ್ತವೆಂದು ಅಂದಾಜು. ಅಲ್ಲಿ ಆ ಔಷಧಿಗೆ ತಡೆ ಬಿದ್ದ ಮೇಲೆ ಸಾವು ಇಳಿಯಿತು. ನಮ್ಮ ರೈತರಿಗೂ ಈ ಹೆಸರು ಹೊಸದಲ್ಲ, ಅದಕ್ಕೇ ನನಗೆ ಆತಂಕ.

ಇಂಥ ವಿಷ ನರಗಳ ಸಂದೇಶ ನಿಲ್ಲದಂತೆ ಮಾಡುತ್ತದೆ. ಹಕ್ಕಿ ನಡುಗುತ್ತದೆ, ಬಾಯಲ್ಲಿ ಜೊಲ್ಲು, ಕಾಲುಗುರು ಮುಷ್ಟಿಯಂತೆ ಬಿಗಿದಿರುತ್ತದೆ, ಕೊನೆಗೆ ಉಸಿರು ಕಟ್ಟುತ್ತದೆ. ಜೀವವಿದ್ದರೆ ಬಾಯಿಗೆ ನೀರು ಹಾಕಬೇಡಿ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿಟ್ಟು ಕೂಡಲೇ ಪಶುವೈದ್ಯರ ಹತ್ತಿರ ಒಯ್ಯಿರಿ, ಅರಣ್ಯ ಇಲಾಖೆಗೂ ತಿಳಿಸಿರಿ. ಬೇಗ ತಲುಪಿದರೆ ಅಟ್ರೊಪಿನ್ ಎಂಬ ಪ್ರತಿವಿಷ ಕೆಲಸ ಮಾಡಬಹುದು.

ಸತ್ತಿದ್ದರೆ ಬರಿಗೈಲಿ ಮುಟ್ಟಬೇಡಿ, ಹೂಳಲೂ ಬೇಡಿ. ಫೋಟೊ, ಜಾಗ, ಪಕ್ಕದ ಬೆಳೆ, ಬಿದ್ದಿರುವ ಔಷಧಿ ಬಾಟಲಿಯ ಲೇಬಲ್, ಇಷ್ಟು ಅರಣ್ಯ ಇಲಾಖೆಯವರಿಗೆ ಕೊಡಿ. ನಾಯಿ ತಿನ್ನದಂತೆ ಅವರು ಬರುವತನಕ ಕಾಯಿರಿ. ತಿಂದ ನಾಯಿಗೂ ವಿಷ ಏರಬಹುದು.

ಒಂದು ವಿನಂತಿ: ಹೊಲದವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಮೂಗಿಗೆ ಬಟ್ಟೆಯೂ ಇಲ್ಲದೆ ಪಂಪು ಹೊತ್ತವರಿಗೆ ಅದೇ ವಿಷ ತಾಗುತ್ತದೆ. ಮೊದಲು ಅವರ ಆರೋಗ್ಯ ಕೇಳಿರಿ. ಗಿಡುಗಗಳು ಮಲಗುವ ಜಾಗದ ಲೊಕೇಶನ್ ನಮ್ಮ ಗುಂಪಿನಲ್ಲಿ ಹಾಕದೆ ಅಡ್ಮಿನ್‌ಗೆ ಮಾತ್ರ ಕಳಿಸಿ.