ತಾಂಡಾ ಶಾಲೆಯ ಇಂಗ್ಲಿಷ್ ಗಂಟೆಗೆ ನಿಮ್ಮ ನೆರವು ಬೇಕು

ಆತ್ಮೀಯರೇ, ನಮಸ್ಕಾರ.

ವಿಜಯಪುರ ಜಿಲ್ಲೆಯ ಒಂದು ತಾಂಡಾದಲ್ಲಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಾಗಿ ಈ ಮನವಿ. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ದಿನಕ್ಕೊಂದು ಗಂಟೆ ಆಟ, ಕಥೆ, ಹಾಡು, ಮಾತು ಎಲ್ಲವೂ ಇಂಗ್ಲಿಷಿನಲ್ಲೇ ನಡೆಯಬೇಕು ಎನ್ನುವುದು ನಮ್ಮ ಟ್ರಸ್ಟಿನ ಆಸೆ. ಬರುವ ಜೂನ್‌ಗೆ ಶುರು ಮಾಡಬೇಕೆಂದಿದ್ದೇವೆ. ಒಂದು ವರ್ಷಕ್ಕೆ ₹1,95,000 ಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಶಾಲೆಯ ಮಾಧ್ಯಮ ಬದಲಾಯಿಸಲು ನಾವು ಹಣ ಕೇಳುತ್ತಿಲ್ಲ. ಗಣಿತ, ಪರಿಸರ ಅಧ್ಯಯನ ಕನ್ನಡದಲ್ಲೇ ಮುಂದುವರಿಯುತ್ತವೆ. "ಪೂರ್ತಿ ಇಂಗ್ಲಿಷ್ ಮೀಡಿಯಂ ಮಾಡ್ರಿ, ಇನ್ನೂ ಜಾಸ್ತಿ ಕೊಡ್ತೀವಿ" ಎಂದವರೂ ಇದ್ದಾರೆ. ಅವರಿಗೆ ಕೈ ಮುಗಿದು ಬೇಡ ಎಂದೆವು.

ಈ ಮಕ್ಕಳ ಮನೆಮಾತು ಲಂಬಾಣಿ. ನೀರಿಗೆ ಪಾಣಿ, ರೊಟ್ಟಿಗೆ ಬಾಟಿ ಎಂದು ಬೆಳೆದ ಮಗು ಕನ್ನಡವನ್ನು ಸರಿಯಾಗಿ ಕೇಳುವುದೇ ಶಾಲೆಗೆ ಬಂದ ಮೇಲೆ. ಅದು ಕಿವಿಗೆ ಒಗ್ಗುವ ಮೊದಲೇ ಇಂಗ್ಲಿಷ್ ಬಂದು ಕೂರುತ್ತದೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ನಮ್ಮ ಶಾಲೆಯಲ್ಲಿ ಮಾತ್ರ ಇಂಗ್ಲಿಷ್ ಎಂದರೆ ಇವತ್ತಿಗೂ ಬೋರ್ಡಿನ ಮೇಲಿದ್ದದ್ದನ್ನು ನೋಟ್‌ಬುಕ್ಕಿಗೆ ಇಳಿಸುವುದು. ಐದನೇ ತರಗತಿಯ ಹುಡುಗಿಯರು ಮುತ್ತಿನಂಥ ಅಕ್ಷರದಲ್ಲಿ ಪುಟ ತುಂಬಿಸುತ್ತಾರೆ. ಅದರಲ್ಲಿ ಏನಿದೆ ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ಐದು ತರಗತಿಗೆ ಇರುವವರು ಇಬ್ಬರೇ.

ಹಾಗಾದರೆ ಎಲ್ಲ ಪಾಠವನ್ನೂ ಇಂಗ್ಲಿಷಿನಲ್ಲೇ ಮಾಡಿದರೆ ತಾನಾಗಿ ಬರುವುದಿಲ್ಲವೇ? ಹೀಗೆ ಕೇಳುವವರು ಸಾಮಾನ್ಯವಾಗಿ ಕೆನಡಾದ ಉದಾಹರಣೆ ಕೊಡುತ್ತಾರೆ. 1965ರಲ್ಲಿ ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಮಾತಿನ ಪೋಷಕರು ಪಟ್ಟು ಹಿಡಿದು, ತಮ್ಮ ಮಕ್ಕಳಿಗೆ ಶಿಶುವಿಹಾರದಿಂದಲೇ ಎಲ್ಲವನ್ನೂ ಫ್ರೆಂಚ್‌ನಲ್ಲಿ ಕಲಿಸುವ ತರಗತಿ ಶುರು ಮಾಡಿಸಿದರು. ಮಕ್ಕಳಿಗೆ ಫ್ರೆಂಚ್ ಬಂತು. ಇಂಗ್ಲಿಷೂ ಹಾಳಾಗಲಿಲ್ಲ. ನಿಜ. ಆದರೆ ಅಲ್ಲಿನ ಟೀಚರಿಗೆ ಮಕ್ಕಳ ಭಾಷೆಯೂ ಬರುತ್ತಿತ್ತು. ಮೊದಮೊದಲು ಮಕ್ಕಳು ಇಂಗ್ಲಿಷಿನಲ್ಲಿ ಕೇಳಿದರೆ ಟೀಚರ್ ಬೈಯದೆ ಫ್ರೆಂಚ್‌ನಲ್ಲಿ ಉತ್ತರ ಕೊಡುತ್ತಿದ್ದರು. ಎರಡನೇ ತರಗತಿಯಲ್ಲಿ ಇಂಗ್ಲಿಷ್ ಓದು ಬರಹವನ್ನೂ ಸೇರಿಸಿದರು. ಆ ಮಕ್ಕಳ ಮನೆಮಾತಿಗೆ ಪುಸ್ತಕ, ಟಿವಿ, ಮರ್ಯಾದೆ ಎಲ್ಲವೂ ಇತ್ತು. ನಮ್ಮ ತಾಂಡಾದ ಮಗುವಿಗೆ ಇದರಲ್ಲಿ ಯಾವುದಿದೆ ಹೇಳಿ? ಈಜು ಬಾರದ ಮಗುವನ್ನು ಬಾವಿಗೆ ತಳ್ಳಿ, ಮೇಲೆ ನಿಂತು ಕೈ ಬೀಸು ಎಂದ ಹಾಗಾಗುತ್ತದೆ.

ಆದ್ದರಿಂದ ನಮಗೆ ಮೊದಲು ಬೇಕಾದದ್ದು ಲಂಬಾಣಿ ಬಲ್ಲ ಟೀಚರ್. ಡಿ.ಎಡ್. ಮುಗಿಸಿದ, ಇದೇ ತಾಂಡಾದ ಯುವತಿಯೊಬ್ಬರು ಒಪ್ಪಿದ್ದಾರೆ. ಮಗು "ಪಾಣಿ" ಎಂದರೆ ಅವರಿಗೆ ಅರ್ಥವಾಗುತ್ತದೆ. ಉತ್ತರ ಮಾತ್ರ "ಯು ವಾಂಟ್ ವಾಟರ್? ಕಮ್, ಟೇಕ್ ದ ಗ್ಲಾಸ್" ಎಂದು ಬರುತ್ತದೆ, ಕೈಯಲ್ಲಿ ಲೋಟ ತೋರಿಸುತ್ತಾ. ಏಳು, ಕೂರು, ಬಾಗಿಲು ಮುಚ್ಚು ಎಂಬಂಥ ಮಾತುಗಳನ್ನು ಮಕ್ಕಳು ಮೊದಲು ಮೈಯಲ್ಲಿ ಮಾಡಿ ತೋರಿಸುತ್ತಾರೆ. ಬಾಯಲ್ಲಿ ಹೇಳುವುದು ಆಮೇಲೆ. ಟೀಚರಿಗೂ ಇಂಗ್ಲಿಷ್ ಮಾತಿನ ಅಭ್ಯಾಸ ಬೇಕಲ್ವಾ? ಟ್ರಸ್ಟಿನಲ್ಲಿರುವ ನಿವೃತ್ತ ಉಪನ್ಯಾಸಕರೊಬ್ಬರು ವಾರಕ್ಕೊಮ್ಮೆ ಫೋನಿನಲ್ಲಿ ಪುಕ್ಕಟೆ ಮಾಡಿಸುತ್ತಾರೆ.

ಖರ್ಚಿನಲ್ಲಿ ದೊಡ್ಡದು ಟೀಚರ್ ಗೌರವಧನ. ತಿಂಗಳಿಗೆ ₹15,000ದಂತೆ ಹತ್ತು ತಿಂಗಳಿಗೆ ₹1,50,000. ಪುಸ್ತಕಕ್ಕೆ ₹35,000. ಉಳಿದ ₹10,000 ಚಾಪೆ, ಸ್ಪೀಕರ್, ಗೊಂಬೆ, ಚಿತ್ರಪಟಗಳಿಗೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕಥೆಗಳು ಉಚಿತ. ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಅವುಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಲ್ಯಾಮಿನೇಟ್ ಮಾಡಿಸುತ್ತೇವೆ. ಪ್ರತಿಗಳು ಸ್ವಲ್ಪ ಜಾಸ್ತಿಯೇ ಬೇಕು. ದೀಪಾವಳಿ ಕಳೆದರೆ ಇಲ್ಲಿನ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೋಗುತ್ತವೆ. ಜೊತೆಗೆ ಹೋಗುವ ಮಗುವಿನ ಚೀಲದಲ್ಲಿ ನಾಲ್ಕು ಪುಸ್ತಕ ಇಟ್ಟು ಕಳಿಸಬೇಕು. ಅವು ವಾಪಸ್ ಬರದಿದ್ದರೂ ಬೇಸರವಿಲ್ಲ.

ಒಂದು ವಿಷಯ ದಾನಿಗಳಿಗೆ ಗೊತ್ತಿರಲಿ. ಹೊಸ ಭಾಷೆಯ ನಡುವೆ ಕೂತ ಮಕ್ಕಳು ಎಷ್ಟೋ ತಿಂಗಳು ಬಾಯಿ ಬಿಡದೆ ಕೇಳಿಸಿಕೊಳ್ಳುವುದುಂಟು. ಆಗಸ್ಟ್ 15ಕ್ಕೆ ಇಂಗ್ಲಿಷ್ ಭಾಷಣದ ವಿಡಿಯೊ ಕೇಳಬೇಡಿ. ಕಂಠಪಾಠ ಮಾಡಿಸಿ ವೇದಿಕೆ ಹತ್ತಿಸುವುದು ಸುಲಭ, ನಾವು ಮಾಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಲೆಕ್ಕಪತ್ರ ಕಳಿಸುತ್ತೇವೆ. ಬೇಕಾದರೆ ಬಂದು ಆ ಗಂಟೆಯಲ್ಲಿ ಮಕ್ಕಳ ಜೊತೆ ಚಾಪೆ ಮೇಲೆ ಕೂತು ನೋಡಿ.

ನೂರು ರೂಪಾಯಿಯಾದರೂ ಸಂತೋಷ. ಯುಪಿಐ ಅಥವಾ ಚೆಕ್ ಆದರೆ ಒಳ್ಳೆಯದು, ₹2,000 ದಾಟಿದ ನಗದಿಗೆ ದಾನದ ಆದಾಯ ತೆರಿಗೆ ವಿನಾಯಿತಿ (80ಜಿ) ಸಿಗುವುದಿಲ್ಲ. ಹೊರದೇಶದಲ್ಲಿರುವ, ಭಾರತದ ಪಾಸ್‌ಪೋರ್ಟ್ ಇರುವ ಕನ್ನಡಿಗರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರು ದಯವಿಟ್ಟು ಕಳಿಸಬೇಡಿ, ಓಸಿಐ ಕಾರ್ಡ್ ಇದ್ದರೂ ಅಷ್ಟೇ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗೆ ಇಲ್ಲ. ಅಂಥವರು ಊರಿನ ಬಂಧುಗಳಿಗೆ ಈ ಮನವಿ ತಲುಪಿಸಿದರೆ ಅದೇ ದೊಡ್ಡ ಉಪಕಾರ. ಗುರಿ ಮುಟ್ಟಿದ ಮೇಲೆ ಬಂದ ಹಣವನ್ನು ಮುಂದಿನ ವರ್ಷದ ಗೌರವಧನಕ್ಕೆ ಎತ್ತಿಡುತ್ತೇವೆ.

ಇಂತಿ,
ಟ್ರಸ್ಟಿನ ಎಲ್ಲ ಸದಸ್ಯರ ಹಾಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಪರವಾಗಿ
ಕಾರ್ಯದರ್ಶಿ